ಮುಳ್ಳು 80 ತೋರಿಸ್ತಿದೆ, ಆಯಿಲ್ ಹರೀತಿದ್ಯಾ?

ಅಮೆರಿಕದಲ್ಲಿ ಹಳೇ ಶೆವರ್ಲೆ ಸಿ10 ಪಿಕಪ್ ಇಟ್ಕೊಂಡು, ಅದರ ಇಂಜಿನ್ನ ಮನೆ ಗ್ಯಾರೇಜಲ್ಲೇ ಬಿಚ್ಚಿ ಕಟ್ಟೋರು ತುಂಬಾ ಜನ ಇದಾರೆ. ಅವರಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಸಲ ಎದುರಿಸೋ ಗಾಬರಿ ಇದು: ಸವೆದುಹೋಗಿದ್ದ 350 ವಿ8 (350 ಕ್ಯೂಬಿಕ್ ಇಂಚಿನ, ಎಂಟು ಸಿಲಿಂಡರಿನ) ಇಂಜಿನ್ನ ಬೋರ್ ಮಾಡ್ಸಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಗ್ರೈಂಡ್ ಮಾಡ್ಸಿ, ಹೊಸ ಬೇರಿಂಗ್ ಹಾಕಿ, ಎಲ್ಲಾ ಮುಗಿಸಿ ಮೊದಲ ಸಲ ಸ್ಟಾರ್ಟ್ ಮಾಡಿದ್ರೆ ಆಯಿಲ್ ಪ್ರೆಶರ್ ಮುಳ್ಳು ಸೀದಾ 70, 80 ಪಿಎಸ್ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಅಳತೆ) ಹೋಗಿ ಕೂತ್ಕೊಳತ್ತೆ. ಬಿಚ್ಚೋಕೆ ಮುಂಚೆ ಅದೇ ಇಂಜಿನ್ 25 ದಾಟಿಸೋಕೂ ಕಷ್ಟಪಡ್ತಿತ್ತು. ಪಕ್ಕದಲ್ಲಿ ನಿಂತ ಒಬ್ಬರು ಸೂಪರ್, ಇಂಜಿನ್ ಟೈಟ್ ಆಗಿದೆ ಅಂತಾರೆ, ಇನ್ನೊಬ್ಬರು ಮೊದ್ಲು ಆಫ್ ಮಾಡು ಅಂತಾರೆ. ಆ ಒಂದು ನಂಬರ್ ನೋಡಿ ಯಾರು ಸರಿ ಅಂತ ಹೇಳೋಕೆ ಆಗಲ್ಲ, ಯಾಕಂದ್ರೆ ಮೀಟರ್ ತೋರ್ಸೋದು ಆಯಿಲ್‌ಗೆ ಎಷ್ಟು ಅಡ್ಡಿ ಆಗ್ತಿದೆ ಅನ್ನೋದನ್ನ, ಎಷ್ಟು ಆಯಿಲ್ ಹರೀತಿದೆ ಅನ್ನೋದನ್ನಲ್ಲ.

ಪಂಪ್ ತಾನಾಗೇ ಪ್ರೆಶರ್ ಹುಟ್ಸಲ್ಲ. ಈ ಇಂಜಿನ್ನಲ್ಲಿ ಅದು ಕ್ರ್ಯಾಂಕ್ ಕೂರೋ ಮೇನ್ ಬೇರಿಂಗ್‌ಗಳಲ್ಲಿ ಹಿಂದಿನದರ ಕ್ಯಾಪ್‌ಗೆ ಬೋಲ್ಟ್ ಆಗಿ ಆಯಿಲ್ ಪ್ಯಾನ್ ಒಳಗಡೆ ಇರತ್ತೆ, ಒಳಗೆ ಎರಡು ಗೇರು, ಒಂದು ಸುತ್ತಿಗೆ ಇಷ್ಟು ಆಯಿಲ್ ಅಂತ ಮುಂದಕ್ಕೆ ತಳ್ಳತ್ವೆ ಅಷ್ಟೇ, ಇಂಜಿನ್ ಸ್ಪೀಡ್ ಡಬಲ್ ಆದ್ರೆ ತಳ್ಳೋ ಆಯಿಲೂ ಡಬಲ್. ಹಾಗೆ ಬಂದ ಆಯಿಲ್ 5 ಮೇನ್ ಬೇರಿಂಗ್, 8 ರಾಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರೋ ಕಡೆ), ಕ್ಯಾಮ್ ಬೇರಿಂಗ್ (ವಾಲ್ವ್ ತೆರೆಸೋ ಶಾಫ್ಟ್ ಕೂರೋ ಕಡೆ), 16 ಲಿಫ್ಟರ್ (ಕ್ಯಾಮ್ ಮೇಲೆ ಕೂತು ವಾಲ್ವ್ ಕಡೆಗೆ ತಳ್ಳೋ ತುಂಡುಗಳು), ಇವೆಲ್ಲದರ ಸಂದಿಯಲ್ಲಿ ನುಗ್ಗಿ ಹೊರಗೆ ಬರ್ಬೇಕು. ನುಗ್ಗೋಕೆ ಎಷ್ಟು ಕಷ್ಟವೋ ಅಷ್ಟು ಪ್ರೆಶರ್.

ಆ ಸಂದಿ ಎಷ್ಟು ಸಣ್ಣದು ಅಂತ ನೋಡಿ. ರಾಡ್ ಬೇರಿಂಗ್ ಕೂರೋ ಜರ್ನಲ್, ಅಂದ್ರೆ ಕ್ರ್ಯಾಂಕಿನ ದುಂಡು ಭಾಗ, ಸುಮಾರು 2.1 ಇಂಚು ದಪ್ಪ, ಒಂದು ಇಂಚಿಗೆ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಗ್ಯಾಪ್ ಅನ್ನೋದು ಇಂಜಿನ್ ಕಟ್ಟೋರ ಹಳೇ ಲೆಕ್ಕ, ಅಂದ್ರೆ ಇಲ್ಲಿ ಎರಡು ಥೌ ಚಿಲ್ಲರೆ, ಮಿಲಿಮೀಟರಲ್ಲಿ 0.05. ತಲೆಕೂದಲಿನ ದಪ್ಪದ ಆಸುಪಾಸು. ಇಷ್ಟು ಸಣ್ಣ ಸಂದಿಯಲ್ಲಿ ಹರಿಯೋ ದ್ರವಕ್ಕೆ ಒಂದು ನಿಯಮ ಇದೆ, ಹರಿವು ಗ್ಯಾಪಿನ ಘನಕ್ಕೆ ತಕ್ಕಂಗೆ ಬದಲಾಗತ್ತೆ. ಗ್ಯಾಪ್ ಎರಡು ಪಟ್ಟಾದ್ರೆ ಅದೇ ಪ್ರೆಶರಲ್ಲಿ ಎಂಟು ಪಟ್ಟು ಆಯಿಲ್ ಸೋರಿ ಹೋಗತ್ತೆ. ವರ್ಷಾನುಗಟ್ಟಲೆ ಓಡಿ ನಾಲ್ಕು ಥೌ ಆಗಿದ್ದ ಬೇರಿಂಗ್ನ ವಾಪಸ್ ಎರಡು ಥೌಗೆ ತಂದ್ರಿ ಅಂತಿಟ್ಕೊಳ್ಳಿ, ಅಲ್ಲಿ ಸೋರೋ ದಾರಿ ಎಂಟನೇ ಒಂದು ಭಾಗಕ್ಕೆ ಇಳೀತು, ಪಂಪ್ ಮಾತ್ರ ಅಷ್ಟೇ ತಳ್ತಾ ಇದೆ. ಮುಳ್ಳು ಮೇಲೆ ಹೋಗ್ದೆ ಇನ್ನೇನಾಗತ್ತೆ?

ಇದಕ್ಕೆ ಆಯಿಲ್ ದಪ್ಪಾನೂ ಸೇರತ್ತೆ. ಮಾಮೂಲಿ 10ಡಬ್ಲ್ಯೂ-30 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರೋದಕ್ಕಿಂತ 100 ಡಿಗ್ರಿಯಲ್ಲಿ ಆರು ಪಟ್ಟು ತೆಳ್ಳಗಿರತ್ತೆ, 20 ಡಿಗ್ರಿಯ ಬೆಳಿಗ್ಗೆ ಇನ್ನೂ ಎಷ್ಟೋ ಗಟ್ಟಿ. ಹಳೇ ಟ್ರಕ್ ಅಂತ ಇನ್ನೂ ದಪ್ಪದ 20ಡಬ್ಲ್ಯೂ-50 ಸುರಿಯೋರೂ ಇದಾರೆ, ಸವೆದ ಇಂಜಿನ್‌ಗೆ ಅದು ಒಂದು ಮಟ್ಟಿಗೆ ಸರಿ, ಟೈಟಾಗಿ ಕಟ್ಟಿದ ಇಂಜಿನ್‌ಗೆ ಅದನ್ನ ಹಾಕಿ ಆಮೇಲೆ ಪ್ರೆಶರ್ ಜಾಸ್ತಿ ಅಂತ ಹುಡುಕಾಡೋದ್ರಲ್ಲಿ ಅರ್ಥ ಇಲ್ಲ. ಹಳೇ ಮಾದರಿ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ಚಪ್ಪಟೆ ತಳದ ಲಿಫ್ಟರ್ ಉಜ್ಜೋ ಕ್ಯಾಮ್) ಹಾಕಿದ್ರೆ ಮೊದಲ ಸಲ ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂ ಆಸುಪಾಸಲ್ಲಿ 20 ನಿಮಿಷ ಓಡಿಸ್ಬೇಕು, ಅಂದ್ರೆ ತಣ್ಣಗಿರೋ ಆಯಿಲು, ಟೈಟ್ ಬೇರಿಂಗು, ಜಾಸ್ತಿ ಸ್ಪೀಡು, ಮೂರೂ ಒಟ್ಟಿಗೆ ಬರೋದೇ ಆ ಹೊತ್ತಲ್ಲಿ. ಮೊದಲ ಐದು ನಿಮಿಷದ 80 ನೋಡಿ ತೀರ್ಮಾನ ಮಾಡ್ಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕ್ರ್ಯಾಂಕನ್ನ ಎತ್ತಿ ಹಿಡಿಯೋದು ಪಂಪಿನ ಪ್ರೆಶರ್ ಅಂತ ಬಹಳ ಜನ ನಂಬಿದಾರೆ, ಅದು ಹಾಗಲ್ಲ. 1883ರ ಹೊತ್ತಿಗೆ ಲಂಡನ್ನಲ್ಲಿ ಬ್ಯೂಚಾಂಪ್ ಟವರ್ ಅನ್ನೋ ಇಂಜಿನಿಯರ್ ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸಂಸ್ಥೆಗೋಸ್ಕರ ರೈಲಿನ ಅಚ್ಚಿನಂಥ ಬೇರಿಂಗ್ ಪರೀಕ್ಷೆ ಮಾಡ್ತಿದ್ರು. ಕೆಳಗೆ ಆಯಿಲ್ ತೊಟ್ಟಿ, ಅದರಲ್ಲಿ ತಿರುಗೋ ಶಾಫ್ಟು, ಮೇಲ್ಗಡೆ ಭಾರ ಹೊತ್ತ ಹಿತ್ತಾಳೆ ಬೇರಿಂಗು, ಪಂಪ್ ಗಿಂಪ್ ಏನೂ ಇಲ್ಲ. ಬೇರಿಂಗಿನ ನೆತ್ತಿ ಮೇಲೆ ಎಣ್ಣೆ ಬಿಡೋಕೆ ಕೊರೆದಿದ್ದ ತೂತಿಂದ ಆಯಿಲ್ ಉಕ್ಕಿ ಬರೋಕೆ ಶುರುವಾಯ್ತು. ಕಾರ್ಕ್ ತುರುಕಿದ್ರು, ಅದನ್ನ ನೂಕ್ತು. ಮರದ ಬೆಣೆ ಹೊಡೆದ್ರು, ಅದೂ ಹೊರಗೆ. ಕೊನೆಗೆ ಅಲ್ಲಿಗೆ ಪ್ರೆಶರ್ ಮೀಟರ್ ಜೋಡಿಸಿದ್ರೆ ಮುಳ್ಳು 200 ಪಿಎಸ್ಐ ದಾಟಿಹೋಯ್ತು, ಬೇರಿಂಗ್ ಮೇಲೆ ಹೇರಿದ್ದ ಭಾರ ಮಾತ್ರ ಸರಾಸರಿ 100 ಪಿಎಸ್ಐ. ತಿರುಗೋ ಶಾಫ್ಟೇ ಆಯಿಲನ್ನ ಕಿರಿದಾಗ್ತಾ ಹೋಗೋ ಸಂದಿಗೆ ಎಳ್ಕೊಂಡು ಹೋಗಿ ಒತ್ತಡ ಹುಟ್ಟಿಸ್ತಿತ್ತು, ಮಳೆನೀರಲ್ಲಿ ಸ್ಪೀಡಾಗಿ ಹೋಗೋ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲತ್ತಲ್ಲ, ಹಾಗೆ. ಇದರ ಗಣಿತವನ್ನ 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದ್ರು, ಇವತ್ತಿಗೂ ಬೇರಿಂಗ್ ಡಿಸೈನ್ ನಿಂತಿರೋದು ಅದರ ಮೇಲೆ.

ನಮ್ಮ 350 ಇಂಜಿನ್‌ಗೆ ಬರೋಣ. ಪಿಸ್ಟನ್ 4 ಇಂಚು ಅಗಲ, ಫುಲ್ ಥ್ರಾಟಲಲ್ಲಿ ಅದರ ಮೇಲೆ 700 ಪಿಎಸ್ಐ ಬಿತ್ತು ಅಂದ್ರೂ ಸುಮಾರು ನಾಲ್ಕು ಟನ್ ಬಲ, ಅದು ಬೀಳೋದು ಹೆಬ್ಬೆರಳಗಲದ ರಾಡ್ ಬೇರಿಂಗ್ ಮೇಲೆ, ಲೆಕ್ಕ ಹಾಕಿದ್ರೆ 5000 ಪಿಎಸ್ಐ ಹತ್ರ ಹೋಗತ್ತೆ. ಪಂಪಿನ 60 ಇದನ್ನ ಹೇಗೆ ತಡೀಬೇಕು? ತಡಿಯೋದು ಶಾಫ್ಟ್ ತಾನೇ ಹುಟ್ಟಿಸ್ಕೊಂಡ ಫಿಲ್ಮ್, ಅಂದ್ರೆ ಆಯಿಲ್‌ನ ತೆಳು ಪದರ. ಪಂಪಿನ ಕೆಲ್ಸ ಆ ಫಿಲ್ಮ್‌ಗೆ ಸತತವಾಗಿ ಹೊಸ ಆಯಿಲ್ ಒದಗಿಸೋದು, ಬಿಸಿ ಆದ ಆಯಿಲನ್ನ ಹೊರಗೆ ದಬ್ಬೋದು. ಅದಕ್ಕೇ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್ಐ ಸಾಕು ಅನ್ನೋ ಮಾತು ಇಷ್ಟು ಕಾಲ ನಡ್ಕೊಂಡು ಬಂದಿರೋದು. ಅದಕ್ಕಿಂತ ಜಾಸ್ತಿ ಇದ್ರೆ ಇಂಜಿನ್ ಜಾಸ್ತಿ ಬಾಳಿಕೆ ಬರತ್ತೆ ಅನ್ನೋದು ಸುಳ್ಳು, ಜಾಸ್ತಿ ಆದಷ್ಟೂ ಪಂಪ್ ತಿರುಗಿಸೋ ಹೊರೆ ಏರತ್ತೆ, ಆ ಹೊರೆ ಹೊರೋದು ಪಂಪನ್ನ ತಿರುಗಿಸೋ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಭಾಗ) ಮತ್ತೆ ಕ್ಯಾಮ್‌ಶಾಫ್ಟಿನ ಗೇರ್ ಹಲ್ಲುಗಳು.

ಹಾಗಾದ್ರೆ ಯಾವಾಗ ನಿಜವಾಗ್ಲೂ ಹೆದರ್ಬೇಕು? ಇಂಜಿನ್ ಪೂರ್ತಿ ಬಿಸಿ ಆದ್ಮೇಲೆ ನಿಧಾನಕ್ಕೆ ರೇಸ್ ಮಾಡ್ತಾ ಮುಳ್ಳನ್ನ ನೋಡಿ. ಪಂಪಿನ ಕವರಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಸಣ್ಣ ರಿಲೀಫ್ ವಾಲ್ವ್ ಇದೆ, ಪ್ರೆಶರ್ ಮಿತಿ ಮುಟ್ಟಿದ್ರೆ ತೆರ್ಕೊಂಡು ಹೆಚ್ಚಿನ ಆಯಿಲನ್ನ ಪಂಪಿಗೇ ವಾಪಸ್ ಕಳ್ಸತ್ತೆ, ಹಾಗಾಗಿ ಮುಳ್ಳು ಏರ್ತಾ ಏರ್ತಾ ಒಂದು ಕಡೆ ನಿಲ್ಬೇಕು. 60ರಲ್ಲೋ 70ರಲ್ಲೋ ನಿಂತ್ರೆ ಪಂಪ್ ಜೊತೆ ಗಟ್ಟಿ ಸ್ಪ್ರಿಂಗ್ ಬಂದಿದೆ ಅಷ್ಟೇ, ಓಡಿಸಬಹುದು. ಎಲ್ಲೂ ನಿಲ್ದೆ 90, 100 ಅಂತ ಏರ್ತಾನೇ ಹೋದ್ರೆ ವಾಲ್ವ್ ಕಚ್ಕೊಂಡಿದೆ, ಫಿಲ್ಟರ್ ಡಬ್ಬ ಉಬ್ಬೋದು ಇಂಥ ಹೊತ್ತಲ್ಲೇ, ಅಲ್ಲಿಗೆ ನಿಲ್ಸಿ. ತಣ್ಣಗಿರುವಾಗ ಜೋರಾಗಿ ರೇಸ್ ಮಾಡೋದೂ ಬೇಡ, ಗಟ್ಟಿ ಆಯಿಲ್ ಫಿಲ್ಟರ್ ದಾಟೋಕೆ ಆಗ್ದೆ ಬೈಪಾಸ್ ವಾಲ್ವ್ ತೆರ್ಕೊಳತ್ತೆ, ಮಷಿನಿಂಗ್ ಮಾಡ್ಸಿದಾಗ ಎಲ್ಲೋ ಉಳಿದ ಲೋಹದ ಚೂರು ಸೋಸದೇ ಹೊಸ ಬೇರಿಂಗ್‌ಗೆ ಹೋಗತ್ತೆ.

ಇನ್ನೊಂದು ಸಾಧ್ಯತೆ ಮೀಟರೇ ಸುಳ್ಳು ಹೇಳೋದು. 60ರವರೆಗಿನ ಸೆಂಡರ್ (ಇಂಜಿನ್ನಲ್ಲಿ ಪ್ರೆಶರ್ ಅಳೆದು ವೈರಲ್ಲಿ ಮೀಟರಿಗೆ ಕಳ್ಸೋ ಭಾಗ) ಹಾಕಿ 80ರ ಮೀಟರ್ ಜೋಡಿಸಿದ್ರೆ ನಿಜವಾದ 60, 80 ಆಗಿ ಕಾಣತ್ತೆ. ವೈರ್ ಕಳಚಿದ್ರೆ ಈ ಗಾಡಿಗಳಲ್ಲಿ ಮುಳ್ಳು ಕೊನೆಗೆ ಹೋಗಿ ಬಡೀತದೆ. ಪೈಪ್ ಹಾಕೋ ಮೆಕ್ಯಾನಿಕಲ್ ಮೀಟರ್ ಒಂದನ್ನ ಜೋಡಿಸಿ ನೋಡ್ದೆ ಇಂಜಿನ್ ಬಿಚ್ಚೋಕೆ ಹೋಗ್ಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ದಾರಿ ಮುಚ್ಚಿರೋದು. ಮೇನ್ ಬೇರಿಂಗ್ ಅರ್ಧ ಬಳೆಯಂಥ ಎರಡು ಶೆಲ್ ಸೇರಿ ಆಗೋದು, ಮೇಲಿನ ಶೆಲ್ಲಲ್ಲಿ ಆಯಿಲ್ ತೂತು ಇರತ್ತೆ, ಕೆಳಗಿನದ್ರಲ್ಲಿ ಇರಲ್ಲ, ಎರಡನ್ನ ಅದಲು ಬದಲು ಕೂರಿಸಿದ್ರೆ ಆ ಬೇರಿಂಗೂ ಅದರಿಂದ ಆಯಿಲ್ ಪಡೆಯೋ ರಾಡ್‌ಗಳೂ ಒಣಗತ್ವೆ, ಮೀಟರ್ ಮಾತ್ರ ಮುಂಚಿಗಿಂತ ಚೆನ್ನಾಗಿರೋ ನಂಬರ್ ತೋರಿಸ್ತಿರತ್ತೆ. ಇದನ್ನ ಮುಚ್ಚೋ ಮುಂಚೆ ಕಣ್ಣಲ್ಲೇ ನೋಡಿ ಖಾತ್ರಿ ಮಾಡ್ಕೋಬೇಕು. ರಾಕರ್ (ವಾಲ್ವ್ ಒತ್ತೋ ತೋಳು) ಕಡೆ ಹೋಗೋ ದಾರಿಗೆ ಬೇರೆ ಪರೀಕ್ಷೆ ಇದೆ: ಡಿಸ್ಟ್ರಿಬ್ಯೂಟರ್ ತೆಗೆದು ಆ ಜಾಗಕ್ಕೆ ಪ್ರೈಮಿಂಗ್ ಟೂಲ್ ಇಳಿಸಿ ಡ್ರಿಲ್ ಮಷಿನಲ್ಲಿ ಪಂಪ್ ತಿರುಗಿಸಿ. ಮೊದಲು ಡ್ರಿಲ್ ಹಗುರವಾಗಿ ತಿರುಗತ್ತೆ, ಆಯಿಲ್ ಹಿಡಿದ ಕ್ಷಣ ಭಾರ ಕೈಗೇ ಗೊತ್ತಾಗತ್ತೆ. ಇನ್ನೊಬ್ಬರು ಕ್ರ್ಯಾಂಕನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಇರ್ಲಿ, ವಾಲ್ವ್ ಕವರ್ ತೆಗೆದಿಟ್ಟು 16 ರಾಕರ್‌ಗಳಲ್ಲೂ ಆಯಿಲ್ ಜಿನುಗೋವರೆಗೆ ಬಿಡ್ಬೇಡಿ. ರಿಲೀಫ್ ವಾಲ್ವ್ ನೋಡೋಕೂ ಪಂಪ್ ಇನ್ನೂ ಬೆಂಚ್ ಮೇಲಿರುವಾಗ್ಲೇ ಸರಿಯಾದ ಸಮಯ, ಸಣ್ಣ ಕಡ್ಡಿಯಲ್ಲಿ ವಾಲ್ವನ್ನ ಒತ್ತಿದ್ರೆ ಎಲ್ಲೂ ತಡೆಯದೆ ಜಾರಿ ತಾನೇ ವಾಪಸ್ ಬರ್ಬೇಕು, ಯಾಕಂದ್ರೆ ಇಂಜಿನ್ ಗಾಡಿಗೆ ಕೂತ್ಮೇಲೆ ಅದೊಂದು ಸ್ಪ್ರಿಂಗ್ ಬದಲಾಯಿಸೋಕೆ ಆಯಿಲ್ ಪ್ಯಾನೇ ಬಿಚ್ಬೇಕು.