ಅಸ್ತಮಾ ಇರುವ ಮಗುವಿಗೆ ಶಾಲೆ ಏನು ಮಾಡಬಲ್ಲದು?

ಓದುಗರ ಪ್ರಶ್ನೆ: ನಾಲ್ಕನೇ ತರಗತಿಯಲ್ಲಿರುವ ನನ್ನ ಮಗಳಿಗೆ ಎರಡು ವರ್ಷದಿಂದ ಅಸ್ತಮಾ ಇದೆ. ವೈದ್ಯರು ಎರಡು ಬಗೆಯ ಇನ್ಹೇಲರ್ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ನಾನು ನೋಡಿಕೊಳ್ಳುತ್ತೇನೆ. ಶಾಲೆಯಲ್ಲಿ ಉಬ್ಬಸ ಬಂದರೆ ಮಾತ್ರ ಶಿಕ್ಷಕರು ಗಾಬರಿಯಾಗಿ, ಬಂದು ಕರೆದುಕೊಂಡು ಹೋಗಿ ಎಂದು ಫೋನ್ ಮಾಡುತ್ತಾರೆ. ಹೊರದೇಶದ ಶಾಲೆಗಳಲ್ಲಿ ಇಂಥ ಮಕ್ಕಳಿಗಾಗಿಯೇ ಕಾರ್ಯಕ್ರಮಗಳಿವೆಯಂತೆ. ಅವುಗಳಿಂದ ನಿಜಕ್ಕೂ ಉಪಯೋಗವಾಗಿದೆಯೇ? ನಮ್ಮ ಶಾಲೆಗಳಲ್ಲಿ ಅದರಲ್ಲಿ ಎಷ್ಟು ಸಾಧ್ಯ?

ಉತ್ತರ: ಉಪಯೋಗವಾಗಿದೆ. ಆದರೆ ಆ ಉಪಯೋಗದಲ್ಲಿ ಪಾಠ ಹೇಳಿದ್ದರ ಪಾಲಿಗಿಂತ, ಮದ್ದು ಹೊತ್ತಿಗೆ ಸರಿಯಾಗಿ ಮಗುವಿನ ಕೈಗೆ ಸಿಗುವಂತೆ ಮಾಡಿದ್ದರ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಇದು ಏಕೆಂದು ತಿಳಿಯಬೇಕಾದರೆ ನಿಮ್ಮ ಮಗಳಿಗೆ ಎರಡು ಇನ್ಹೇಲರ್ ಏಕೆ ಕೊಟ್ಟಿದ್ದಾರೆ ಎಂಬಲ್ಲಿಂದ ಹೊರಡಬೇಕು.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಶೀತ, ಧೂಳು, ಹೊಗೆ ತಾಗಿದಾಗ ಸುತ್ತಲಿನ ಸ್ನಾಯು ಬಿಗಿದು, ದಾರಿ ಕಿರಿದಾಗಿ, ಎದೆಯಲ್ಲಿ ಸುಯ್ ಎಂಬ ಸದ್ದು ಕೇಳತೊಡಗುತ್ತದೆ. ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವುದು ಸಾಲ್ಬ್ಯುಟಮಾಲ್; ಸಾಮಾನ್ಯವಾಗಿ ನೀಲಿ ಬಣ್ಣದ ಇನ್ಹೇಲರ್. ಒಳಗಿನ ಊತವನ್ನು ಇಳಿಸುವುದು ಅತಿ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಇರುವ ಮತ್ತೊಂದು. ಮೊದಲನೆಯದರ ಗುಣ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಯಾರೂ ಅದನ್ನು ಮರೆಯುವುದಿಲ್ಲ. ಎರಡನೆಯದನ್ನು ಮಗು ಚೆನ್ನಾಗಿ ಆಡಿಕೊಂಡಿರುವಾಗಲೂ ದಿನಾ ತೆಗೆದುಕೊಳ್ಳಬೇಕು. ಬಿಟ್ಟರೆ ಅಂದೇ ಏನೂ ಆಗುವುದಿಲ್ಲ. ಹೀಗಾಗಿ ಮನೆಗಳಲ್ಲಿ ತಪ್ಪಿಹೋಗುವುದು ಇದೇ. ‘ಪಂಪ್ ಹಿಡಿದರೆ ಜೀವನವಿಡೀ ಬಿಡಿಸಲಾಗದು’ ಎಂಬ ಅಂಜಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅದು ಚಟ ಹಿಡಿಸುವ ಮದ್ದಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ ಮಕ್ಕಳ ವೈದ್ಯೆ ಜಿಲ್ ಹಾಲ್ಟರ್‌ಮನ್ ಮತ್ತು ಅವರ ಸಂಗಡಿಗರು ಕೈಹಾಕಿದ್ದು ಈ ತಪ್ಪಿಹೋಗುವ ಮದ್ದಿಗೇ. ಬಹುಪಾಲು ಬಡ ಕುಟುಂಬಗಳ ಮಕ್ಕಳು. ತಂದೆತಾಯಿಗೆ ಹೊತ್ತು ಸಾಲದು. ಆದರೆ ಮಗು ದಿನಾ ಶಾಲೆಗಂತೂ ಬರುತ್ತದೆ. ಅಲ್ಲಿನ ದಾದಿ ತನ್ನ ಕಣ್ಣೆದುರೇ ಆ ದಿನದ ಇನ್ಹೇಲರ್ ಕೊಟ್ಟರೆ ಹೇಗೆ ಎಂಬ, ಕೇಳಿದರೆ ಇಷ್ಟೇನಾ ಎನಿಸುವ ಯೋಚನೆ ಅವರದು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 3ರಿಂದ 10 ವರ್ಷದ 400 ಮಕ್ಕಳಿದ್ದರು. ಒಂದು ಗುಂಪಿಗೆ ಶಾಲೆಯಲ್ಲೇ ಮದ್ದು ಕೊಟ್ಟು, ಶಾಲೆಯಿಂದಲೇ ದೂರಸಂಪರ್ಕದ ಮೂಲಕ ವೈದ್ಯರು ನೋಡುವಂತೆಯೂ ಮಾಡಿದರು; ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆಯನ್ನೇ ತುಸು ಸುಧಾರಿಸಿ ಕೊಟ್ಟರು. ಎರಡು ವಾರಗಳಲ್ಲಿ ತೊಂದರೆಯಿಲ್ಲದೆ ಕಳೆದ ದಿನಗಳು ಮೊದಲ ಗುಂಪಿನಲ್ಲಿ ಸರಾಸರಿ 11.6, ಎರಡನೆಯದರಲ್ಲಿ 10.97. ಒಂದು ದಿನದಷ್ಟೂ ವ್ಯತ್ಯಾಸವಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಅದೇ ಅಧ್ಯಯನದಲ್ಲಿ ತುರ್ತು ಚಿಕಿತ್ಸೆಗೋ ಆಸ್ಪತ್ರೆ ವಾಸಕ್ಕೋ ಹೋಗಬೇಕಾದವರು ಎರಡನೆಯ ಗುಂಪಿನಲ್ಲಿ ಶೇ 15, ಮೊದಲನೆಯದರಲ್ಲಿ ಶೇ 7. ರಾತ್ರಿ ಎರಡು ಗಂಟೆಗೆ ಏದುಸಿರು ಬಿಡುವ ಮಗುವನ್ನೆತ್ತಿಕೊಂಡು ಆಟೋ ಹುಡುಕಿದವರಿಗೆ ಈ ಎರಡನೆಯ ಲೆಕ್ಕವೇ ಲೆಕ್ಕ.

ಪಾಠಗಳ ಮೂಲಕ ಕಲಿಸುವ ಕಾರ್ಯಕ್ರಮಗಳೂ ಇವೆ. ಅಮೆರಿಕದಲ್ಲಿ 8ರಿಂದ 11 ವರ್ಷದವರಿಗೆ ತಲಾ 40 ನಿಮಿಷದ ಆರು ಪಾಠಗಳ ಒಂದು ಕ್ರಮ ಬಹಳ ಕಾಲದಿಂದ ನಡೆದುಬಂದಿದೆ. ನನಗೆ ಹೆಚ್ಚು ಹಿಡಿಸಿದ್ದು ಆಸ್ಟ್ರೇಲಿಯಾದ ‘ಟ್ರಿಪಲ್ ಎ’. ಅಲ್ಲಿ ಹನ್ನೊಂದನೇ ತರಗತಿಯವರು ತರಬೇತಿ ಪಡೆದು ಹತ್ತನೆಯವರಿಗೆ ಹೇಳಿಕೊಡುತ್ತಾರೆ, ಹತ್ತನೆಯವರು ಅದನ್ನು ಹಾಡು, ಕಿರುನಾಟಕ ಮಾಡಿ ಏಳನೆಯವರ ಮುಂದೆ ಆಡುತ್ತಾರೆ. ಗ್ರಾಮೀಣ ಭಾಗದ ಆರು ಪ್ರೌಢಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ, ಅಸ್ತಮಾ ಇದ್ದ ಮಕ್ಕಳ ಜೀವನದ ಗುಣಮಟ್ಟ ಸುಧಾರಿಸಿದ್ದನ್ನು 2001ರಲ್ಲಿ ವರದಿ ಮಾಡಿದರು. ಗೆಳೆಯರೆದುರು ಇನ್ಹೇಲರ್ ಹೊರತೆಗೆಯಲು ನಾಚುವ ಹದಿಮೂರರ ಹುಡುಗನಿಗೆ ವೈದ್ಯರ ಮಾತಿಗಿಂತ ಮೇಲಿನ ತರಗತಿಯ ಅಣ್ಣನ ಮಾತು ನಾಟುವುದು ಸಹಜವೇ.

ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ, ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ತುರ್ತು ಚಿಕಿತ್ಸೆಗೆ ಹೋಗುವ ಮಕ್ಕಳ ಪ್ರಮಾಣ ಶೇ 7.5ರಿಂದ 5.4ಕ್ಕೆ ಇಳಿಯುತ್ತದೆ; ಶಾಲೆಗೆ ಗೈರುಹಾಜರಾಗುವುದು ಕಡಿಮೆಯಾಯಿತೆಂದು ಮಾತ್ರ ಖಚಿತವಾಗಿ ತೋರಿಸಲಾಗಲಿಲ್ಲ. ತಂದೆತಾಯಿಯನ್ನೂ ಜೊತೆಗೂಡಿಸಿಕೊಂಡ, ಮಕ್ಕಳ ಬಿಡುವಿನ ವೇಳೆಯನ್ನು ಕಸಿದುಕೊಳ್ಳದ ಕಾರ್ಯಕ್ರಮಗಳು ಹೆಚ್ಚು ಸುಗಮವಾಗಿ ನಡೆಯುತ್ತವೆಂಬ ಸೂಚನೆಯೂ ಅದರಲ್ಲಿದೆ. ಆಟದ ಪೀರಿಯಡ್ ಹೋದರೆ ಯಾವ ಮಗು ತಾನೇ ಪಾಠ ಕೇಳೀತು!

ಇನ್ನು ನಿಮ್ಮ ಶಾಲೆಯ ಮಾತು. ದಿನಾ ಮದ್ದು ಕೊಡಲು ನಮ್ಮ ಬಹುತೇಕ ಶಾಲೆಗಳಲ್ಲಿ ದಾದಿಯರಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಉಬ್ಬಸದ ತೊಂದರೆ ಸೇರಿದೆ. ಆದರೆ ಅದು ಕಾಯಿಲೆ ಗುರುತಿಸಿ ಮುಂದಕ್ಕೆ ಕಳಿಸುವ ವ್ಯವಸ್ಥೆ, ಮಧ್ಯಾಹ್ನ ಹನ್ನೆರಡಕ್ಕೆ ಉಬ್ಬಸ ಬಂದಾಗ ಒದಗುವಂಥದ್ದಲ್ಲ. ಆದ್ದರಿಂದ ಊತ ಇಳಿಸಿ ಉಬ್ಬಸ ತಡೆಯುವ ದಿನದ ಮದ್ದನ್ನು ಮನೆಯಲ್ಲೇ, ಹಲ್ಲುಜ್ಜುವ ಮುನ್ನ ಎಂದು ಗೊತ್ತುಮಾಡಿಕೊಂಡು ನೀವೇ ಕೊಡಿ. ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಂಡ ಮೇಲೆ ಬೇಕಾದ ಬಾಯಿ ಮುಕ್ಕಳಿಸುವುದೂ ಅಲ್ಲೇ ಆಗಿಹೋಗುತ್ತದೆ. ಶಾಲೆಯಿಂದ ಕೇಳಬೇಕಾದದ್ದು ನೀಲಿ ಇನ್ಹೇಲರ್‌ಗೆ ಒಂದು ಜಾಗವನ್ನು.

ಈ ಜಾಗದ ವಿಷಯ ಸಣ್ಣದಲ್ಲ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಇನ್ಹೇಲರನ್ನು ಬಹು ಜೋಪಾನವಾಗಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗನಿಗೆ ಉಬ್ಬಸ ಬಂದ ದಿನ ಅವರು ಬೀಗದಕೈ ಸಮೇತ ತಾಲ್ಲೂಕು ಕೇಂದ್ರದ ಸಭೆಗೆ ಹೋಗಿದ್ದರು. ಮದ್ದು ಮಗುವಿನ ಚೀಲದಲ್ಲೋ ತರಗತಿಯ ಮೇಜಿನಲ್ಲೋ ಬೀಗವಿಲ್ಲದೆ ಇರಲಿ. ಇಂಗ್ಲೆಂಡಿನಲ್ಲಿ 2014ರ ಅಕ್ಟೋಬರ್ 1ರಿಂದ ಶಾಲೆಗಳೇ ವೈದ್ಯರ ಚೀಟಿಯಿಲ್ಲದೆ ಸಾಲ್ಬ್ಯುಟಮಾಲ್ ಕೊಂಡು, ಮಗುವಿನ ಇನ್ಹೇಲರ್ ಮುಗಿದಾಗ ಅಥವಾ ಕಳೆದಾಗ ಪೋಷಕರ ಒಪ್ಪಿಗೆಯ ಮೇರೆಗೆ ಬಳಸಲು ಅವಕಾಶವಿದೆ.

ಜೊತೆಗೆ, ನಿಮ್ಮ ವೈದ್ಯರಿಂದ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಏನು ಮಾಡಬೇಕೆಂದು ಬರೆಸಿ ತರಗತಿಯ ಶಿಕ್ಷಕರಿಗೆ ಕೊಡಿ. ಆಸ್ಟ್ರೇಲಿಯಾದಲ್ಲಿ ಕಲಿಸುವ ಕ್ರಮ ನೆನಪಿಡಲು ಸುಲಭ: ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್ ಕೊಡುವುದು, ಪ್ರತಿ ಪಫ್‌ಗೆ ನಾಲ್ಕು ಉಸಿರು, ನಂತರ ನಾಲ್ಕು ನಿಮಿಷ ಕಾಯುವುದು, ಇಳಿಯದಿದ್ದರೆ ಇನ್ನೂ ನಾಲ್ಕು ಪಫ್ ಕೊಡುವುದು, ಆಗಲೂ ಇಳಿಯದಿದ್ದರೆ ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೂ ಹೀಗೆಯೇ ಮುಂದುವರಿಸುವುದು. ಮಗುವಿಗೆ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದ್ದರೆ, ಕಾಯದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ನಿಮಗೆ ಫೋನ್ ಮಾಡುವುದು ಆಮೇಲೆ.

ಸ್ಪೇಸರ್ ಎಂದರೆ ಇನ್ಹೇಲರ್ ಮತ್ತು ಬಾಯಿಯ ನಡುವಿನ ಪ್ಲಾಸ್ಟಿಕ್ ಕೊಳವೆ. ಅದಿಲ್ಲದೆ ಒತ್ತಿದರೆ ಮದ್ದಿನ ಬಹುಪಾಲು ಗಂಟಲಿಗೇ ಬಡಿದು ನಿಲ್ಲುತ್ತದೆ. ಶಾಲೆಗೆಂದು ಇನ್ನೊಂದು ಕೊಳ್ಳುವುದು ಕಷ್ಟವಾದರೆ, ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಹೆದರ್ ಝಾರ್ ಮತ್ತು ಸಂಗಡಿಗರು ಮಾಡಿದ್ದನ್ನು ನಿಮ್ಮ ವೈದ್ಯರಿಗೆ ನೆನಪಿಸಬಹುದು. 500 ಮಿಲಿಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿಗೆ ಸರಿಹೊಂದುವ ತೂತು ಮಾಡಿ, ಸಂದಿಲ್ಲದಂತೆ ಅಂಟುಹಾಕಿ, ಬಾಟಲಿಯ ಬಾಯಿಯಿಂದ ಉಸಿರೆಳೆಯುವಂತೆ ಮಾಡಿದ ಆ ಸಾಧನ ಕೊಂಡುತಂದ ಸ್ಪೇಸರಿನಷ್ಟೇ ಕೆಲಸ ಮಾಡಿತೆಂದು ಅವರು 1999ರಲ್ಲಿ ತೋರಿಸಿದರು.

ಬೆಳಗಿನ ಕಸ ಗುಡಿಸುವ ಸರದಿಯಿಂದ, ಬೋರ್ಡ್ ಒರೆಸುವ ಕೆಲಸದಿಂದ ಮಗಳನ್ನು ಬಿಡಿಸಿ ಎಂದೂ ಕೇಳಿ. ಆದರೆ ಆಟದಿಂದ ಬಿಡಿಸಬೇಡಿ. ಹತೋಟಿಯಲ್ಲಿರುವ ಅಸ್ತಮಾಕ್ಕೆ ಓಟ ವರ್ಜ್ಯವಲ್ಲ. ಶಾಲೆಗೆ ಕಳಿಸುವ ಇನ್ಹೇಲರಿನ ಮೇಲೆ, ತೆರೆದ ತಾರೀಖನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು, ಬಳಸಿದ ಪಫ್‌ಗಳನ್ನು ಡೈರಿಯಲ್ಲಿ ಗೀಟು ಹಾಕಿ ಎಣಿಸುವಂತೆ ಮಗಳಿಗೆ ಹೇಳಿಕೊಡಿ. ಅದರಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ಮದ್ದು ಮುಗಿದ ಮೇಲೂ ಅದು ಕೆಲಕಾಲ ಬುಸ್ ಎಂದು ಗಾಳಿ ಚಿಮ್ಮುತ್ತಲೇ ಇರುವುದರಿಂದ ಸದ್ದನ್ನು ನಂಬುವಂತಿಲ್ಲ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪರೀಕ್ಷೆಯನ್ನೂ ನಂಬುವಂತಿಲ್ಲ.