ಕೆರೆ ದಡದ ಪೊದೆಯೂ ಹಲಸಿನ ಮೇಣವೂ

ಉಡುಪಿ ಹತ್ತಿರದ ನಮ್ಮೂರ ಕೆರೆಯ ಸುತ್ತ ಏಳೆಂಟು ಮನೆಗಳಿವೆ. ಹೋದ ವರ್ಷ ಏಪ್ರಿಲ್‌ನಲ್ಲಿ ಒಬ್ಬರು ಜೆಸಿಬಿ ತರಿಸಿ, ತಮ್ಮ ಜಾಗದ ದಡದಲ್ಲಿದ್ದ ಜೊಂಡು, ಕೇದಗೆ ಜಾತಿಯ ಮುಂಡೇವಿನ ಪೊದೆ ಎಲ್ಲ ಕಿತ್ತು ಕೆಂಪು ಮುರಕಲ್ಲು ಕಟ್ಟಿಸಿದರು. "ಹೀಗೆ ಚೊಕ್ಕ ಮಾಡಿದ್ರೆ ಕೆರೆ ಉಳೀತದೆ ಮಾರಾಯ್ರೆ. ಆ ಪೊದೆಯಲ್ಲಿ ಹಾವು ಬೇರೆ ಉಂಟು" ಅಂದರು.

ಕೆರೆ ಹಾಳಾಗಬಾರದು ಅನ್ನುವುದರಲ್ಲಿ ಅವರಿಗೂ ನನಗೂ ಜಗಳವೇ ಇಲ್ಲ. ಉಳಿದ ಮನೆಯವರದ್ದೂ ಅದೇ ಆಸೆ. ಆದರೆ ಎಲ್ಲರ ಲೆಕ್ಕದಲ್ಲೂ ಒಳ್ಳೆಯ ಕೆರೆ ಅಂದರೆ ಗುಡಿಸಿ ಸಾರಿಸಿದ ಅಂಗಳದ ಹಾಗಿರಬೇಕು. ತಮಾಷೆ ಏನೆಂದರೆ ಅದೇ ಮನೆಯ ಹಿಂದೆ ನಾಗಬನ ಇದೆ. ಅಲ್ಲಿ ಒಂದು ಎಲೆ ಮುಟ್ಟುವುದಿಲ್ಲ, ನಾಗನಿಗೆ ವರ್ಷದ ತಂಬಿಲದ ಪೂಜೆ ತಪ್ಪಿಸುವುದಿಲ್ಲ. ದಡದಲ್ಲಿ ಕಪ್ಪೆ ಹಿಡಿದು ಬದುಕುವ, ವಿಷವೇ ಇಲ್ಲದ ನೀರುಹಾವಿಗೆ ಮಾತ್ರ ಜೆಸಿಬಿ!

ಈ ಮಾರ್ಚ್‌ನಲ್ಲಿ ನೀರು ಪಾಚಿಗಟ್ಟಿ ಹಸಿರಾಯಿತು. ಒಂದು ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತ ಒಬ್ಬರು, ನಾಗನ ಮುನಿಸು, ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಅಂತ ಇನ್ನೊಬ್ಬರು. ನನಗೆ ರೇಗಿಹೋಯಿತು.

ಕೆರೆ ಹಸಿರಾಗುವುದಕ್ಕೆ ಮುಖ್ಯ ಕಾರಣ ಯಾವುದು ಅಂತ 1973ರಲ್ಲೇ ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ತೋರಿಸಿದ್ದರು. 226ನೇ ನಂಬರಿನ ಸರೋವರ, ನಡು ಸಣ್ಣಗಿತ್ತು. ಅಲ್ಲಿ ಅಡ್ಡಲಾಗಿ ಪರದೆ ಕಟ್ಟಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ಒಂದು ಕಡೆ ಮಾತ್ರ ರಂಜಕವನ್ನೂ (ಫಾಸ್ಫರಸ್) ಸೇರಿಸಿದರು. ಆ ಕಡೆ ಮಾತ್ರ ನೀರು ಹಸಿರಾಯಿತು! ತಮ್ಮ ಪುಡಿಯಲ್ಲೇ ರಂಜಕ ಇದ್ದ ಸೋಪಿನ ಪುಡಿಯ ಕಂಪನಿಗಳು ಅಲ್ಲಿಯವರೆಗೆ ಇಂಗಾಲದ ಕಡೆ ಬೆರಳು ತೋರಿಸುತ್ತಿದ್ದವು.

ನಮ್ಮಲ್ಲಿ ಈ ರಂಜಕ ಬರುವುದು ತೋಟದ ಗೊಬ್ಬರದಿಂದ, ಬಟ್ಟೆ ಒಗೆದ ನೀರಿನಿಂದ. ಬರುವುದು ಹೇಗೆ ಅನ್ನುವುದೇ ನನಗೆ ಜಾಸ್ತಿ ಇಷ್ಟದ ಭಾಗ. ನಮ್ಮ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. (ನಮ್ಮ ಮುರಕಲ್ಲಿನಂಥ ಕಲ್ಲಿಗೆ 1807ರಲ್ಲಿ ಫ್ರಾನ್ಸಿಸ್ ಬ್ಯೂಕನನ್ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ಅದರಲ್ಲಿ ಮನೆ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಅದೇನು ಹೊಸತಲ್ಲ ಬಿಡಿ.) ಆ ಕಬ್ಬಿಣಕ್ಕೆ ರಂಜಕ ಅಂಟುತ್ತದೆ, ಹಲಸಿನ ಮೇಣ ಕೈಗೆ ಅಂಟುವ ಹಾಗೆ. ನೀರಲ್ಲಿ ಎಷ್ಟು ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲದ ಕೆನ್ನೀರಿನ ಜೊತೆ ಹಾಗೇ ಕೆರೆಗೆ ಇಳಿಯುತ್ತದೆ. ದಾರಿಯಲ್ಲಿ ಜೊಂಡು ಇದ್ದರೆ ನೀರಿನ ಓಟ ನಿಧಾನವಾಗಿ, ಮಣ್ಣಿನ ಕಣ ಅಲ್ಲೇ ತಳ ಸೇರುತ್ತದೆ. ಕಟ್ಟಿದ ಕಲ್ಲಿನ ಮೇಲಿಂದ ಸುಮ್ನೆ ಜಾರಿ ಒಳಗೆ.

ಮೇಣಕ್ಕೆ ತೆಂಗಿನೆಣ್ಣೆ ಇದೆಯಲ್ವಾ, ಹಾಗೆ ಕೆರೆಯ ತಳಕ್ಕೂ ಒಂದು ಎಣ್ಣೆ ಇದೆ: ಆಮ್ಲಜನಕ ಇಲ್ಲದಿರುವುದು. ಸತ್ತ ಪಾಚಿ ತಳದಲ್ಲಿ ಕೊಳೆಯುತ್ತಾ ಆಮ್ಲಜನಕ ಮುಗಿಸಿದರೆ ಕಬ್ಬಿಣದ ಹಿಡಿತ ಸಡಿಲುತ್ತದೆ. ಬ್ಯಾಂಕ್ ಲಾಕರ್ ಅಂದುಕೊಳ್ಳಿ. ಕಾವಲಿನವ ಎದ್ದುಹೋದ, ಬಾಗಿಲು ತಾನಾಗಿ ತೆರೆಯಿತು. ಹಳೆಯ ರಂಜಕವೆಲ್ಲ ನೀರಿಗೆ, ಮತ್ತೆ ಪಾಚಿ, ಮತ್ತೆ ಕೊಳೆತ. ಹೊರಗಿನಿಂದ ಚಮಚ ಗೊಬ್ಬರ ಬರದಿದ್ದರೂ ನಡೆಯುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಆಮ್ಲಜನಕ ಮಾಡುವವರು ಮಾತ್ರ ಯಾರೂ ಇಲ್ಲ. ಮೀನು ಬೆಳಗಿನ ಜಾವವೇ ಸಾಯುವುದು ಅದಕ್ಕೆ.

ಪೊದೆ ಕಿತ್ತದ್ದೊಂದೇ ಕಾರಣ ಅನ್ನಲಾರೆ. ಗೊಬ್ಬರ ಮೊದಲೂ ಬರುತ್ತಿತ್ತು. ಆಗ ದಾರಿಯಲ್ಲಿ ತಡೆಯುವವರಿದ್ದರು, ಅಷ್ಟೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾಗ ನಿಮ್ಮದೇ ಆದರೂ ನೀರಿನಿಂದ 35 ಅಡಿವರೆಗೆ ಗಿಡಗಂಟಿ ಉಳಿಸಬೇಕು. ನೀರು ಕಾಣಲು, ಇಳಿಯಲು ನಡುವೆ ಒಂದಿಷ್ಟು ಜಾಗ ಮಾತ್ರ ಕಡಿದುಕೊಳ್ಳಬಹುದು. "ನಾವೂ ಹಾಗೆ ಒಂದು ಕನಕನ ಕಿಂಡಿ ಬಿಡುವ" ಅಂದೆ. ಕಲ್ಲು ಕಟ್ಟಿಸಿದ ಯಜಮಾನರು ನಕ್ಕರು. ಅವರ ಹೆಂಡತಿ ನಗಲಿಲ್ಲ. "ಹೋದ ಅಷ್ಟಮಿಗೆ ಮೂಡೆ ಕಟ್ಟಲಿಕ್ಕೆ ಒಂದು ಎಲೆ ಇರ್ಲಿಲ್ಲ, ಪೇಟೆಯಿಂದ ತಂದದ್ದು ನೆನಪುಂಟಾ?" ಅಂತ ಗಂಡನನ್ನು ಕೇಳಿದರು. ಮೂಡೆ ಅಂದರೆ ಮುಂಡೇವಿನ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ.

ಕಲ್ಲು ಕಟ್ಟದೆ ಉಳಿದ ಮೂಲೆಯಲ್ಲಿ ಈಗ ಮುಂಡೇವಿನ ನಾಲ್ಕು ಕಂದು ನೆಟ್ಟಿದ್ದಾರೆ.