ಮಾರ್ಚ್–ಏಪ್ರಿಲ್‌ನಲ್ಲಿ ಕೊಡಗಿನ ಬೆಟ್ಟ ಹತ್ತುವವರ ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ಯುಗಾದಿಯ ಆಸುಪಾಸಿನಲ್ಲಿ ಮನೆಯವರೆಲ್ಲ ಸೇರಿ ತಡಿಯಂಡಮೋಳ್ ಬೆಟ್ಟ ಹತ್ತಬೇಕೆಂದಿದ್ದೇವೆ. ಆಗ ಮಳೆಗಾಲದ ಜಾರಿಕೆಯಾಗಲಿ ಜಿಗಣೆಯ ಕಾಟವಾಗಲಿ ಇರುವುದಿಲ್ಲ, ಚಳಿಯೂ ಕಳೆದಿರುತ್ತದೆ. ಹೀಗಿರುವಾಗ ವಿಶೇಷ ಸಿದ್ಧತೆ ಏನಾದರೂ ಬೇಕೆ?

ಉತ್ತರ: ಖಂಡಿತ ಬೇಕು. ಆದರೆ ಈ ಋತುವಿನಲ್ಲಿ ಚೀಲಕ್ಕೆ ಏನು ತುಂಬಿಕೊಳ್ಳುತ್ತೀರಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದೇ ಮುಖ್ಯ. ಬಿಸಿಲು ಮತ್ತು ಸಿಡಿಲು, ಈ ಕಾಲದ ಎರಡು ದೊಡ್ಡ ಅಪಾಯಗಳು, ಮಧ್ಯಾಹ್ನದ ನಂತರ ಬಲಿಯುತ್ತವೆ.

ಅದಕ್ಕೂ ಮೊದಲು ಹಾದಿ ತೆರೆದಿದೆಯೇ ಎಂದು ಕೇಳಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಟ್ಟದ ಹುಲ್ಲು ಒಣಗಿ ಕಾಡುಕಿಚ್ಚಿನ ಭಯ ಹೆಚ್ಚಿದಾಗ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚುವುದುಂಟು. ಸೋಮವಾರಪೇಟೆ ಕಡೆಯಿಂದ ಏರುವ ಪುಷ್ಪಗಿರಿಗೂ, ಇರ್ಪು ಜಲಪಾತದ ಮೇಲಿನ ಬ್ರಹ್ಮಗಿರಿಗೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಎರಡೂ ವನ್ಯಜೀವಿಧಾಮಗಳ ಒಳಗಿವೆ. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಹಾದಿಯ ಸ್ಥಿತಿಯನ್ನು ನೋಡಿ, ಟಿಕೆಟ್ ಪಡೆದು, ಹೊರಡುವ ಹಿಂದಿನ ದಿನ ಸ್ಥಳೀಯ ವಲಯ ಕಚೇರಿಗೂ ಒಮ್ಮೆ ಫೋನ್ ಮಾಡಿ. ಮುಚ್ಚಿದೆ ಎಂದರೆ ಒಳದಾರಿ ತೋರಿಸುವವರನ್ನು ಹುಡುಕಬೇಡಿ. ಬೆಂಕಿ ಹೊತ್ತಿಕೊಂಡಾಗ ಬೆಟ್ಟದ ಮೇಲೆ ನೀವಿದ್ದೀರಿ ಎಂಬುದೇ ಯಾರಿಗೂ ತಿಳಿದಿರುವುದಿಲ್ಲ.

1,748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ. ಕಕ್ಕಬ್ಬೆಯ ಬಳಿ, ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಯಿಂದ ನಡಿಗೆ ಆರಂಭವಾಗುತ್ತದೆ. ಮೊದಲರ್ಧದಲ್ಲಿ ತೋಟದ ಮತ್ತು ಕಾಡಿನ ನೆರಳು ಸಿಗುವುದರಿಂದ ಬಿಸಿಲಿನ ಅರಿವಾಗುವುದಿಲ್ಲ. ಮೇಲೆ ಹೋದಂತೆ ಹುಲ್ಲುಗುಡ್ಡ ಎದುರಾಗುತ್ತದೆ. ಕಣಿವೆಯ ಮಡಿಲಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು ಅಲ್ಲಲ್ಲಿ ಇದ್ದರೂ ಶಿಖರದಲ್ಲಿ ನಿಲ್ಲಲು ನೆರಳಿಲ್ಲ. ಎತ್ತರದ ತಂಪು ಗಾಳಿ ಬೆವರನ್ನು ಕೂಡಲೇ ಆರಿಸಿಬಿಡುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿದೆ ಎಂಬುದು ತಲೆನೋವು ಶುರುವಾದ ಮೇಲೆಯೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವ ತೊರೆಗಳು ಈ ಹೊತ್ತಿಗೆ ಬತ್ತಿರುತ್ತವೆ, ಇಲ್ಲವೇ ಸಣ್ಣಗೆ ನಿಂತ ನೀರಾಗಿರುತ್ತವೆ, ಅದನ್ನು ನೆಚ್ಚಿಕೊಳ್ಳಬಾರದು. ಒಬ್ಬೊಬ್ಬರೂ ಮೂರು ಲೀಟರ್ ನೀರು ಹೊತ್ತು ನಡೆಯಿರಿ, ಭಾರ ಎನ್ನಿಸಿದರೂ ಸರಿ. ಬರೀ ನೀರು ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಮಟ್ಟಸವಾಗಿ ಅಳೆದು, ಮನೆಯಲ್ಲಿಯೇ ತಯಾರಿಸಿಕೊಳ್ಳಬಹುದು.

ಇನ್ನು ಸಿಡಿಲಿನ ವಿಷಯ. ಮಳೆ ಇರುವುದಿಲ್ಲ ಎಂಬ ನಿಮ್ಮ ಎಣಿಕೆ ಪೂರ್ತಿ ಸರಿಯಲ್ಲ. ಕಾಫಿ ಹೂ ಅರಳಲು ತೋಟದವರು ಆಕಾಶ ನೋಡುತ್ತಾ ಕಾಯುವ ಹೂಮಳೆ ಬರುವುದು ಇದೇ ತಿಂಗಳುಗಳಲ್ಲಿ, ಅದು ಬರುವಾಗ ಗುಡುಗು ಸಿಡಿಲುಗಳನ್ನು ಜೊತೆಗೇ ತರುತ್ತದೆ. ಬೆಳಗ್ಗೆ ಮೋಡದ ಚೂರೂ ಇಲ್ಲದ ಆಕಾಶವನ್ನು ನಂಬಿ ಹೊರಟವರಿಗೆ ಮಧ್ಯಾಹ್ನ ಅಚ್ಚರಿ ಕಾದಿರುತ್ತದೆ: ನೆಲ ಕಾದಂತೆ ಅರಬ್ಬಿ ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಘಟ್ಟವನ್ನು ಏರಿ, ಮೇಲೆ ತಣ್ಣಗಾಗಿ, ಗೋಪುರದಂತೆ ಎತ್ತರದ ಮೋಡವಾಗಿ ಬೆಳೆಯುವುದಕ್ಕೆ ಕೆಲವೇ ಗಂಟೆಗಳು ಸಾಕು. ಬೋಳು ಶಿಖರದ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವುದು ಮನುಷ್ಯನೇ ಆಗಿರುತ್ತಾನೆ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಹಿಡಿಯುವುದರಿಂದ, ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಆಗ ಫೋಟೊಗಾಗಿ ನಿಲ್ಲದೆ ಏಣು ಬಿಟ್ಟು ಕೆಳಗಿಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಎಲ್ಲರೂ ಒತ್ತಾಗಿ ಗುಂಪುಗೂಡಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮೇಲೆ ಹೋಗಬಾರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಕೇಂದ್ರ ಸರ್ಕಾರದ ‘ದಾಮಿನಿ’ ಆ್ಯಪ್ ನೆರವಾಗುತ್ತವೆಯಾದರೂ ಬೆಟ್ಟದ ಎಲ್ಲ ಕಡೆ ಸಿಗ್ನಲ್ ಸಿಗದ ಕಾರಣ ಆಕಾಶದ ಮೇಲೆ ನಿಮ್ಮದೇ ಕಣ್ಣಿರಲಿ.

ಹಾಗಾದರೆ ಸೂರ್ಯೋದಯ ನೋಡಲು ನಸುಕಿಗೇ ಟಾರ್ಚ್ ಹಿಡಿದು ಹತ್ತಬಹುದೇ ಎಂದು ಕೇಳುವವರಿದ್ದಾರೆ. ಕೊಡಗಿನಲ್ಲಿ ಇದು ಬೇಡವೇ ಬೇಡ. ಕಾಡಿನಲ್ಲಿ ನೀರು ಬತ್ತಿದಂತೆ ಆನೆಗಳು ತೋಟದ ಕೆರೆಗಳನ್ನು ಹುಡುಕಿ ಬರುತ್ತವೆ, ಹಲಸು ಹಣ್ಣಾಗತೊಡಗಿದರೆ ಅಲ್ಲಿಯೇ ಉಳಿದುಬಿಡುತ್ತವೆ. ಕತ್ತಲಲ್ಲಿ, ಅದೂ ತೋಟದ ದಾರಿಯ ತಿರುವಿನಲ್ಲಿ, ಆನೆ ಎದುರಾದರೆ ಓಡಲು ಸಮಯವಿರುವುದಿಲ್ಲ. ಮಾರ್ಚ್ ಕೊನೆಯಲ್ಲಿ ಇಲ್ಲಿ ಆರೂವರೆಯ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಬೆಳಕು ಚೆನ್ನಾಗಿ ಹರಿದ ಮೇಲೆ, ಚೆಕ್‌ಪೋಸ್ಟ್ ತೆರೆಯುವ ಹೊತ್ತನ್ನು ಮೊದಲೇ ಕೇಳಿಕೊಂಡು, ಹೊರಡಿ. ಹನ್ನೊಂದು ಗಂಟೆಗೆ ಎಲ್ಲಿದ್ದರೂ, ಶಿಖರ ಕಣ್ಣೆದುರೇ ಇದ್ದರೂ, ಹಿಂದಿರುಗಿ. ಮಕ್ಕಳೋ ಹಿರಿಯರೋ ಜೊತೆಗಿದ್ದರೆ ಈ ನಿಯಮವನ್ನು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಂಡಿರುವುದು ಒಳ್ಳೆಯದು, ಏಕೆಂದರೆ ಶಿಖರ ಕಂಡ ಮೇಲೆ ಒಪ್ಪಿಸುವುದು ಕಷ್ಟ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ತಂಗಿದ ಹೋಂಸ್ಟೇಯವರಿಗೆ ತಿಳಿಸಿ ಹೊರಡಿ.

ಒಣಹುಲ್ಲಿನ ಇಳಿಜಾರು ಒದ್ದೆ ಮಣ್ಣಿನಷ್ಟೇ ಜಾರುತ್ತದೆ. ಆದ್ದರಿಂದ ಸವೆದ ಅಟ್ಟೆಯ ಬೂಟು ಬೇಡ. ಹೊಸ ಬೂಟಾದರೆ ಎರಡು ವಾರ ಮೊದಲೇ ಹಾಕಿ ನಡೆದು ಪಳಗಿಸಿಕೊಳ್ಳಿ.

ಬೆಂಕಿಪೊಟ್ಟಣ, ಬೀಡಿ, ಸಿಗರೇಟು, ಒಲೆ ಯಾವುದೂ ಬೆಟ್ಟಕ್ಕೆ ಬರಕೂಡದು. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾನೂನು ಇಲ್ಲದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು. ಒಂದು ಕಿಡಿ ಹುಲ್ಲಿನಿಂದ ಶೋಲಾದ ಅಂಚಿಗೆ ತಲುಪಿದರೆ ಅಲ್ಲಿ ಸುಟ್ಟ ಮರಗಳು ನಮ್ಮ ಆಯುಷ್ಯದಲ್ಲಿ ಮತ್ತೆ ಬೆಳೆಯುವುದಿಲ್ಲ. ಹೊಗೆಯಿಂದ ಹೆಜ್ಜೇನು ಏಳುತ್ತದೆ ಎಂಬುದೂ ನೆನಪಿರಲಿ: ಕಾಡು ಹೂಬಿಡುವ ಈ ಕಾಲದಲ್ಲಿ ಬಂಡೆಗಳಲ್ಲೂ ಎತ್ತರದ ಮರಗಳಲ್ಲೂ ಅದರ ಹುಟ್ಟುಗಳಿರುತ್ತವೆ. ಗಾಢ ಪರಿಮಳದ ಸೆಂಟು ಹಾಕಿಕೊಳ್ಳಬೇಡಿ, ಬಂಡೆಯ ಬಳಿ ಗದ್ದಲ ಮಾಡಬೇಡಿ.

ಜಿಗಣೆ ಇಲ್ಲದ ಈ ಒಣ ತಿಂಗಳುಗಳು ಉಣುಗುಗಳ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಕೊಡಗಿನ ನೆರೆಯ ವಯನಾಡಿನಲ್ಲೂ ಅದು ಕಾಣಿಸಿಕೊಂಡಿದೆ. ಹೆದರಿ ಮನೆಯಲ್ಲೇ ಕೂರಬೇಕಾಗಿಲ್ಲ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರದೆ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿದರೆ ಆಯಿತು. ಮರಳಿದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲಿನ ಹಿಂಭಾಗ, ಕಂಕುಳು, ಸೊಂಟದ ಪಟ್ಟಿಯ ಜಾಗಗಳನ್ನು ನೋಡಿಕೊಳ್ಳಿ; ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಮುಂದಿನ ಒಂದೆರಡು ವಾರಗಳಲ್ಲಿ ಯಾರಿಗಾದರೂ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ಸಂಗತಿಯನ್ನು ಮೊದಲೇ ಹೇಳಿ.